ಚಾಕು ಹಿಡಿಯುವ ಮೊದಲು ಕೈ ಹಿಡಿಯುವವರು

ಎಂ.ಬಿ.ಬಿ.ಎಸ್. ಸೇರಿದ ವಿದ್ಯಾರ್ಥಿ ಶಸ್ತ್ರವೈದ್ಯನಾಗಲು ಕನಿಷ್ಠ ಎಂಟೂವರೆ ವರ್ಷ ಬೇಕು. ನಾಲ್ಕೂವರೆ ವರ್ಷ ಕಾಲೇಜು, ಒಂದು ವರ್ಷ ಹೌಸ್ ಸರ್ಜನ್ ಕೆಲಸ, ಆಮೇಲೆ ನೀಟ್-ಪಿಜಿ ಬರೆದು ಮೂರು ವರ್ಷದ ಎಂ.ಎಸ್. ಮೂತ್ರಕೋಶ, ಹೃದಯ, ಪ್ಲಾಸ್ಟಿಕ್ ಸರ್ಜರಿ, ಮಕ್ಕಳ ಶಸ್ತ್ರಚಿಕಿತ್ಸೆಯಂಥ ಸೂಪರ್ ಸ್ಪೆಷಾಲಿಟಿ ಬೇಕೆಂದರೆ ಎಂ.ಸಿ.ಎಚ್. ಎಂದು ಇನ್ನೂ ಮೂರು ವರ್ಷ. ಹದಿನೆಂಟಕ್ಕೆ ಕಾಲೇಜು ಸೇರಿದವರಿಗೆ ಅಷ್ಟು ಹೊತ್ತಿಗೆ ಮೂವತ್ತು ತುಂಬುತ್ತ ಬಂದಿರುತ್ತದೆ. ಇಷ್ಟು ಉದ್ದದ ಓದಿನಲ್ಲಿ ಸರ್ಜರಿ ದೊಡ್ಡ ಪರೀಕ್ಷೆಯಾಗಿ ಎದುರಾಗುವುದು ಕೊನೆಯ ವರ್ಷದಲ್ಲಿ. ಅಷ್ಟರೊಳಗೆ ಅನೇಕರು ‘ಸರ್ಜರಿ ನನ್ನ ಕೈಲಾಗುತ್ತದೆ’ ಅಥವಾ ‘ಅದು ನನಗಲ್ಲ’ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಆ ತೀರ್ಮಾನ ಸರಿಯಾದ ತಿಳಿವಳಿಕೆಯಿಂದ ಹುಟ್ಟಬೇಕಾದರೆ ಮೊದಲ ಎರಡು ವರ್ಷಗಳಲ್ಲೇ ಕೈ ಹಿಡಿದು ತೋರಿಸುವ ಅನುಭವಿ ವೈದ್ಯರೊಬ್ಬರು ಬೇಕು. ಅವರನ್ನೇ ವೈದ್ಯಕೀಯ ಕಾಲೇಜುಗಳಲ್ಲಿ ಮೆಂಟರ್ ಎನ್ನುತ್ತಾರೆ.

ಮೆಂಟರ್‌ಗೂ ತರಗತಿಯ ಮೇಷ್ಟ್ರಿಗೂ ವ್ಯತ್ಯಾಸವಿದೆ. ತರಗತಿಯಲ್ಲಿ ಪಾಠ ಮಾಡುವವರು ನೂರೈವತ್ತು ಜನರಿಗೆ ಒಂದೇ ವಿಷಯ ಹೇಳುತ್ತಾರೆ. ಮೆಂಟರ್‌ಗೆ ಬೆರಳೆಣಿಕೆಯ ವಿದ್ಯಾರ್ಥಿಗಳ ಹೆಸರು, ಊರು, ಓದಿನ ಹಿನ್ನೆಲೆ, ಅಳುಕು, ಆಸೆ ಎಲ್ಲವೂ ಗೊತ್ತಿರುತ್ತವೆ. ಅವರು ಅಂಕ ಹಾಕುವುದಕ್ಕಿಂತ ಹೆಚ್ಚಾಗಿ ದಾರಿ ಹೇಳುತ್ತಾರೆ, ತಪ್ಪು ತಿದ್ದುತ್ತಾರೆ, ವರ್ಷ ಕಳೆದಂತೆ ವಿದ್ಯಾರ್ಥಿ ಎಷ್ಟು ಬೆಳೆದಿದ್ದಾನೆಂದು ಗಮನಿಸುತ್ತಾರೆ.

ಗುರುಪರಂಪರೆಯ ವಿದ್ಯೆ

ಶಸ್ತ್ರಚಿಕಿತ್ಸೆ ಮೊದಲಿನಿಂದಲೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಬಂದ ವಿದ್ಯೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯ ಎಂಬ ಅಧ್ಯಾಯವೇ ಇದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಾದರೂ ಕೈಯಿಂದ ಅಭ್ಯಾಸ ಮಾಡದಿದ್ದರೆ ಕೆಲಸಕ್ಕೆ ಅರ್ಹನಲ್ಲ ಎಂಬುದು ಅದರ ನಿಲುವು. ಕುಂಬಳ, ಸೋರೆ, ಸೌತೆಯಂಥ ಕಾಯಿಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆ ಮತ್ತು ತೊಗಲಿನ ಮೇಲೆ ಹೊಲಿಗೆಯನ್ನೂ ಗುರು ಮಾಡಿಸಬೇಕೆಂದು ಅಲ್ಲಿ ವಿವರವಾಗಿ ಹೇಳಿದೆ. ಇಂದಿನ ಸ್ಕಿಲ್ಸ್ ಲ್ಯಾಬ್‌ಗಳಲ್ಲಿ ಕಾಯಿಗಳ ಜಾಗಕ್ಕೆ ಸಿಲಿಕೋನ್ ಚರ್ಮ ಬಂದಿದೆ. ಪಕ್ಕದಲ್ಲಿ ನಿಂತು ತಿದ್ದುವವರ ಅಗತ್ಯ ಹಾಗೆಯೇ ಉಳಿದಿದೆ.

ಆಧುನಿಕ ತರಬೇತಿಗೆ ಅಚ್ಚುಕಟ್ಟಾದ ರೂಪ ಕೊಟ್ಟವರು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದ ಮೇಲೆ, ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ಇದ್ದು ಹಂತ ಹಂತವಾಗಿ ಜವಾಬ್ದಾರಿ ವಹಿಸಿಕೊಳ್ಳುವ ರೆಸಿಡೆನ್ಸಿ ಪದ್ಧತಿಯನ್ನು ಅವರು ಬೆಳೆಸಿದರು. ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಸ್ವತಂತ್ರ ಶಾಖೆಯಾಗಿ ಕಟ್ಟಿದ ಹಾರ್ವಿ ಕುಶಿಂಗ್ ಅವರ ಕೈಕೆಳಗೇ ಪಳಗಿದವರು. ಭಾರತದ ಎಂ.ಎಸ್. ತರಬೇತಿಯೂ ಹೆಚ್ಚುಕಡಿಮೆ ಇದೇ ಮಾದರಿಯದು. ಆದರೆ ಈ ಪದ್ಧತಿಯ ಲಾಭ ಸಿಗುವುದು ಸೀಟು ಸಿಕ್ಕವರಿಗೆ ಮಾತ್ರ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಒಳ್ಳೆಯ ಗುರು ಸಿಗುವುದು ಬಹುಕಾಲ ಅದೃಷ್ಟದ ಮಾತಾಗಿತ್ತು.

ನಿಯಮ ತೆರೆದ ಬಾಗಿಲು

ಹಳೆಯ ಕ್ರಮದಲ್ಲಿ ಮೊದಲ ವರ್ಷವೆಂದರೆ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಶಾಸ್ತ್ರಗಳ ಓದು. ಆಸ್ಪತ್ರೆ ಕಾಲೇಜಿನ ಆವರಣದಲ್ಲೇ ಇದ್ದರೂ ವಿದ್ಯಾರ್ಥಿ ರೋಗಿಯ ಮುಖ ನೋಡುತ್ತಿದ್ದುದು ಎರಡನೆಯ ವರ್ಷದಲ್ಲಿ. 2019ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮವನ್ನು ಜಾರಿಗೆ ತಂದಾಗ ಇದು ಬದಲಾಯಿತು. ಮೊದಲ ವರ್ಷದ ಮೂರು ವಿಷಯಗಳಿಗೂ ಸೇರಿ 90 ಗಂಟೆಗಳ ಆರಂಭಿಕ ರೋಗಿ ಪರಿಚಯವನ್ನು ಅದು ಗೊತ್ತುಪಡಿಸಿತು. ಕಾಲೇಜು ಸೇರಿದ ಕೂಡಲೆ ನಡೆಯುವ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಮೆಂಟರ್ ವ್ಯವಸ್ಥೆಗೂ ಜಾಗ ಸಿಕ್ಕಿತು. 2020ರಲ್ಲಿ ಮಂಡಳಿಯ ಬದಲಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಪಠ್ಯಕ್ರಮದಲ್ಲಿ ಆಮೇಲೆ ತಿದ್ದುಪಡಿಗಳಾದರೂ ಈ ಮೂಲ ಆಲೋಚನೆ ಮುಂದುವರಿದಿದೆ.

ಕೆಲಸ ಕಲಿಸುವುದಕ್ಕೂ ಪಠ್ಯಕ್ರಮ ಒಂದು ಕ್ರಮ ಹಾಕಿಕೊಟ್ಟಿದೆ: ಮೊದಲು ಶಿಕ್ಷಕರು ಮಾಡಿ ತೋರಿಸಬೇಕು, ವಿದ್ಯಾರ್ಥಿ ಗಮನಿಸಬೇಕು, ಆಮೇಲೆ ಸಹಾಯಕನಾಗಿ ಕೈ ಜೋಡಿಸಬೇಕು, ಕೊನೆಗೆ ಶಿಕ್ಷಕರ ಕಣ್ಣೆದುರೇ ತಾನು ಮಾಡಬೇಕು. ಮಾಡಿದ್ದೆಲ್ಲ ಲಾಗ್ ಬುಕ್ಕಿನಲ್ಲಿ ದಾಖಲಾಗಿ ಸಹಿ ಬೀಳಬೇಕು. ಅಂತಿಮ ವರ್ಷಕ್ಕೆ ಹೋಗುವ ಹೊತ್ತಿಗೆ ಇಷ್ಟದ ವಿಭಾಗದಲ್ಲಿ ಕೆಲವು ವಾರ ಕಳೆಯುವ ಐಚ್ಛಿಕ ಅವಧಿಯೂ ಇದೆ. ಒಟ್ಟಿನಲ್ಲಿ, ಬೇಗ ಕಲಿಸಬೇಕೆನ್ನುವ ಶಸ್ತ್ರವೈದ್ಯರಿಗೆ ನಿಯಮದ ಬೆಂಬಲ ಈಗ ಪೂರ್ತಿಯಾಗಿದೆ.

ಕೋಲಾರದಲ್ಲಿ ಇದು ಏಕೆ ಮುಖ್ಯ

ಕೋಲಾರ ಜಿಲ್ಲೆಯ ಜನ ಶಸ್ತ್ರಚಿಕಿತ್ಸೆಗೆ ಬಹುಕಾಲ ನಂಬಿದ್ದು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಮಿಷನ್ ಆಸ್ಪತ್ರೆ ಮತ್ತು ಕೆ.ಜಿ.ಎಫ್.ನ ಗಣಿ ಆಸ್ಪತ್ರೆಗಳನ್ನು. ಅದಕ್ಕೂ ಮೀರಿದ ಕಾಯಿಲೆಯಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ. ವೈದ್ಯಕೀಯ ಓದುವ ಹುಡುಗ ಹುಡುಗಿಯರೂ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಿತ್ತು. 1986ರಲ್ಲಿ ಆರ್.ಎಲ್. ಜಾಲಪ್ಪನವರ ನೇತೃತ್ವದಲ್ಲಿ ಕೋಲಾರದ ಹೊರವಲಯದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಜಿಲ್ಲೆಯೊಳಗೇ ವೈದ್ಯರು ತಯಾರಾಗತೊಡಗಿದರು. ಕಾಲೇಜಿಗೆ ಹೊಂದಿಕೊಂಡ ಆಸ್ಪತ್ರೆಗೆ ಜಾಲಪ್ಪನವರ ಹೆಸರೇ ಇದೆ. ಅದು ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ದಾಟಿ ಸಾಗುವ ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿದೆ.

ಇಂಥ ಆಸ್ಪತ್ರೆಗೆ ಬರುವ ರೋಗಿಗಳೇ ಪಠ್ಯಪುಸ್ತಕ. ಹೆದ್ದಾರಿ ಅಪಘಾತದಲ್ಲಿ ಕಾಲು ಮುರಿದವರು ಮೂಳೆ ವಿಭಾಗಕ್ಕೆ ಬರುತ್ತಾರೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನು ದವಡೆಗೆ ಒತ್ತರಿಸಿಕೊಂಡೇ ಮಲಗುವ ರೂಢಿಯಿಂದ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಆದವರು ಕಿವಿ-ಮೂಗು-ಗಂಟಲು ವಿಭಾಗಕ್ಕೆ ಬರುತ್ತಾರೆ. ಈ ಭಾಗದಲ್ಲಿ ಅವರಲ್ಲಿ ಹೆಂಗಸರ ಸಂಖ್ಯೆ ಗಣನೀಯ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡು, ಮುಳ್ಳು ಚುಚ್ಚಿದ್ದೂ ತಿಳಿಯದೆ ಹುಣ್ಣು ಕೊಳೆಯುವವರೆಗೆ ಹೊಲದಲ್ಲೇ ದುಡಿದವರು ಸರ್ಜರಿ ವಾರ್ಡಿಗೆ ಬರುತ್ತಾರೆ.

ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ್ದ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ 2015ರ ವರದಿಯಲ್ಲಿ, ಪ್ರಪಂಚದ 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಕಾಲಕ್ಕೆ ಸಿಗುತ್ತಿಲ್ಲ ಎಂದು ಹೇಳಿತು. ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ತುರ್ತು ಶಸ್ತ್ರಚಿಕಿತ್ಸೆ, ಚರ್ಮ ಹರಿದು ಗಾಯ ತೆರೆದ ಮೂಳೆಮುರಿತದ ಚಿಕಿತ್ಸೆ — ಈ ಮೂರು ಎರಡು ಗಂಟೆಯ ದಾರಿಯೊಳಗೆ ದೊರೆಯಬೇಕು ಎಂಬುದು ಅದರ ಅಳತೆಗೋಲು. ಪ್ರತಿ ಲಕ್ಷ ಜನರಿಗೆ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಪ್ರಸೂತಿ ತಜ್ಞರು ಸೇರಿ ಕನಿಷ್ಠ 20 ಮಂದಿಯಾದರೂ ಇರಬೇಕೆಂದೂ ಅದು ಹೇಳಿತು. ಮಾಲೂರು ತಾಲ್ಲೂಕಿನ ಮಾಸ್ತಿ ಹೋಬಳಿಯ ರೈತನಿಗೆ ಮಧ್ಯರಾತ್ರಿ ಕರುಳು ತಿರುಚಿಕೊಂಡರೆ, ಕಟ್ಟಡವೂ ಯಂತ್ರವೂ ಇದ್ದು ಶಸ್ತ್ರವೈದ್ಯರೇ ಇಲ್ಲದಿದ್ದರೆ ಏನೂ ಆಗುವಂತಿಲ್ಲ. ಆ ವೈದ್ಯರು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕಾದರೆ ಹತ್ತು ವರ್ಷ ಮೊದಲೇ ಒಬ್ಬ ವಿದ್ಯಾರ್ಥಿಗೆ ಆ ಕೆಲಸದ ಮೇಲೆ ಪ್ರೀತಿ ಹುಟ್ಟಿರಬೇಕು.

ಮೊದಲ ವರ್ಷ: ಪುಸ್ತಕದಿಂದ ಮೇಜಿಗೆ

ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಗೋಳಾಡಿಸುವ ಪಾಠಗಳಲ್ಲಿ ತೊಡೆಸಂದಿನ ಇಂಗ್ವಿನಲ್ ನಾಳವೂ ಒಂದು. ಸುಮಾರು 4 ಸೆಂಟಿಮೀಟರ್ ಉದ್ದದ ಓರೆಯಾದ ಹಾದಿ. ಅದಕ್ಕೆ ಮುಂದೆ, ಹಿಂದೆ, ಮೇಲೆ, ಕೆಳಗೆ ಗೋಡೆಗಳು. ಎರಡು ತುದಿಗೂ ಒಂದೊಂದು ಉಂಗುರ. ಪುಸ್ತಕದಲ್ಲಿ ಇದನ್ನು ಉರುಹೊಡೆದವರು ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾರೆ.

ಅದೇ ವಾರ ಶಸ್ತ್ರವೈದ್ಯರಾದ ಮೆಂಟರ್ ತಮ್ಮ ನಾಲ್ಕೈದು ವಿದ್ಯಾರ್ಥಿಗಳನ್ನು ಹರ್ನಿಯಾ ರೋಗಿಯ ಬಳಿಗೆ ಕರೆದೊಯ್ದರೆ ಕಲಿಕೆಯ ರೀತಿಯೇ ಬೇರೆ. ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ಹೊರುವ ಕೂಲಿಕಾರರೊಬ್ಬರು ನಿಂತು ಕೆಮ್ಮುತ್ತಾರೆ. ತೊಡೆಸಂದಿನಲ್ಲಿ ಊತ ಉಬ್ಬಿ ಬರುತ್ತದೆ. ಮಲಗಿದರೆ ಒಳಕ್ಕೆ ಹೋಗುತ್ತದೆ. ಮೆಂಟರ್ ಒಳ ಉಂಗುರದ ಜಾಗದಲ್ಲಿ ಹೆಬ್ಬೆರಳು ಒತ್ತಿ ಮತ್ತೆ ಕೆಮ್ಮಲು ಹೇಳುತ್ತಾರೆ. ಊತ ಬಾರದಿದ್ದರೆ ಅದು ಒಳ ಉಂಗುರದ ಮೂಲಕ ಇಳಿದ ಹರ್ನಿಯಾ. ಪಕ್ಕದಿಂದ ಉಬ್ಬಿದರೆ ಹಿಂದಿನ ಗೋಡೆ ಸಡಿಲಗೊಂಡು ಬಂದದ್ದು. ಮರುದಿನ ಥಿಯೇಟರಿನಲ್ಲಿ ಚರ್ಮದ ಕೆಳಗೆ ಬಿಳಿಯಾಗಿ ಹೊಳೆಯುವ ಪೊರೆ ಕಾಣುತ್ತದೆ. ಅದನ್ನು ಬಿಡಿಸಿದಾಗ ದಾರದಂಥ ಸಣ್ಣ ನರವೊಂದು ಸಿಗುತ್ತದೆ. ಅದಕ್ಕೆ ಪೆಟ್ಟಾದರೆ ರೋಗಿಗೆ ಆಪರೇಷನ್ ನಂತರವೂ ತಿಂಗಳುಗಟ್ಟಲೆ ಮರಗಟ್ಟುವಿಕೆಯೋ ನೋವೋ ಉಳಿಯಬಹುದೆಂದು ಮೆಂಟರ್ ಹೇಳಿ, ನರವನ್ನು ಜೋಪಾನವಾಗಿ ಬದಿಗೆ ಸರಿಸುತ್ತಾರೆ. ಆಮೇಲೆ ಸಡಿಲವಾದ ಗೋಡೆಗೆ ಜಾಲರಿ ಹೊಲಿಯುತ್ತಾರೆ. ಕಾಲೇಜಿನಲ್ಲಿ ಹೆಸರಷ್ಟೇ ಕೇಳಿದ್ದ ನರ, ಉಂಗುರ, ಗೋಡೆಗಳು ಒಂದು ತಾಸಿನಲ್ಲಿ ಕಣ್ಣಿಗೆ ಕಟ್ಟುತ್ತವೆ. ಅಂಗರಚನೆ ಏಕೆ ಓದಬೇಕೆಂಬ ಪ್ರಶ್ನೆ ಆ ವಿದ್ಯಾರ್ಥಿಗೆ ಮತ್ತೆ ಬರುವುದಿಲ್ಲ.

ಎರಡನೆಯ ವರ್ಷ: ರೋಗಿಯ ಮಂಚದ ಬಳಿ

ಎರಡನೆಯ ವರ್ಷದಿಂದ ವಾರ್ಡ್ ಪೋಸ್ಟಿಂಗ್ ಶುರು. ಇಲ್ಲಿ ಮೆಂಟರ್ ಕಲಿಸುವ ಮೊದಲ ವಿದ್ಯೆ ಮಾತು. ಶ್ರೀನಿವಾಸಪುರ, ಮುಳಬಾಗಿಲಿನ ಗಡಿಹಳ್ಳಿಗಳಿಂದ ಬರುವ ಅನೇಕ ರೋಗಿಗಳು ತೆಲುಗು ಬೆರೆತ ಕನ್ನಡ ಆಡುತ್ತಾರೆ; ಮಾಲೂರಿನ ಅಂಚಿನವರಲ್ಲಿ ತಮಿಳೂ ಕೇಳಿಬರುತ್ತದೆ. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗೆ ಕನ್ನಡವೇ ಹೊಸದು. ಕಾಯಿಲೆಯ ಚರಿತ್ರೆಯನ್ನು ಸರಿಯಾಗಿ ಕೇಳಿಸಿಕೊಂಡರೆ ಅರ್ಧ ರೋಗನಿರ್ಣಯ ಆದಂತೆಯೇ. ‘ಅಮ್ಮಾ, ಹುಣ್ಣು ಯಾವಾಗಿಂದ ಇದೆ? ಎಲೆ ಅಡಿಕೆ ಹಾಕ್ತೀರಾ? ಯಾವ ಕಡೆ ಇಟ್ಟುಕೊಳ್ತೀರಿ?’ ಎಂದು ಮಂಚದ ಪಕ್ಕ ಕೂತು ಸಮಾಧಾನದಿಂದ ಕೇಳುವ ಹಿರಿಯ ವೈದ್ಯರನ್ನು ನೋಡಿಯೇ ಕಿರಿಯರು ಆ ನಡೆ ಕಲಿಯುವುದು.

ಮಾತಿನ ನಂತರ ಪರೀಕ್ಷೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅದು ಬಾಗುವಷ್ಟು ಒತ್ತಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವುದು, ಪಾದದ ಮೇಲೂ ಕಣಕಾಲಿನ ಒಳಗಂಟಿನ ಹಿಂದೆಯೂ ನಾಡಿ ಹುಡುಕುವುದು, ಬೆರಳ ಸಂದುಗಳನ್ನು ಬಿಡಿಸಿ ನೋಡುವುದು — ಇವಕ್ಕೆ ದುಬಾರಿ ಉಪಕರಣ ಬೇಡ. ಎರಡನೆಯ ವರ್ಷದ ವಿದ್ಯಾರ್ಥಿಯೂ ಮಾಡಬಲ್ಲ. ಇಂಥ ಸರಳ ಪರೀಕ್ಷೆಯಿಂದ ಒಂದು ಕಾಲು ಉಳಿದದ್ದನ್ನು ಕಣ್ಣಾರೆ ಕಂಡವರಿಗೆ, ಕತ್ತರಿಸದಂತೆ ನೋಡಿಕೊಳ್ಳುವುದೂ ಸರ್ಜರಿಯ ಭಾಗವೆಂದು ಮನದಟ್ಟಾಗುತ್ತದೆ.

ಕೈ ಪಳಗಿಸುವುದು

ಗಂಟು ಹಾಕುವುದು ಸರ್ಜರಿಯ ಅಕ್ಷರಾಭ್ಯಾಸ. ಹಾಸ್ಟೆಲಿನ ಮಂಚದ ಕಂಬಿಗೆ ದಾರ ಕಟ್ಟಿ ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಎಲ್ಲ ಕಾಲೇಜಿನಲ್ಲೂ ಇದ್ದಾರೆ. ಮೊದಲ ಸುತ್ತು ಒಂದು ದಿಕ್ಕಿಗೆ, ಎರಡನೆಯದು ಎದುರು ದಿಕ್ಕಿಗೆ ಬಿದ್ದರೆ ಗಂಟು ಚಪ್ಪಟೆಯಾಗಿ ಕೂತು ಬಿಗಿಯಾಗುತ್ತದೆ. ಎರಡೂ ಒಂದೇ ದಿಕ್ಕಿಗೆ ಬಿದ್ದರೆ ನೋಡಲು ಹಾಗೆಯೇ ಕಂಡರೂ ಎಳೆದಾಗ ಜಾರುತ್ತದೆ. ರಕ್ತನಾಳಕ್ಕೆ ಕಟ್ಟಿದ ಗಂಟು ಜಾರಿದರೆ ರಾತ್ರಿ ವಾರ್ಡಿನಲ್ಲಿ ರಕ್ತಸ್ರಾವ. ಒಬ್ಬಂಟಿಯಾಗಿ ನೂರು ಸಲ ಮಾಡಿದವರೂ ತಪ್ಪನ್ನೇ ನೂರು ಸಲ ಮಾಡಿರಬಹುದು. ಪಕ್ಕದಲ್ಲಿ ಕೂತ ಪಿ.ಜಿ. ವೈದ್ಯರು ‘ಕೈ ಅದಲು ಬದಲು ಮಾಡು’ ಎಂದು ಒಮ್ಮೆ ಹೇಳಿದರೆ ಸಾಕು, ತಿದ್ದಿಕೊಳ್ಳುತ್ತದೆ. ಆಪರೇಷನ್‌ನಲ್ಲಿ ಬಳಸುವ ದಾರಗಳಲ್ಲಿ ರೇಷ್ಮೆಯೂ ಒಂದು ಎಂಬುದು ರೇಷ್ಮೆ ಬೆಳೆಯುವ ಕೋಲಾರದ ಮಕ್ಕಳಿಗೆ ಹತ್ತಿರದ ವಿಷಯ.

ಇಲ್ಲಿ ಹಿರಿಯ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಪ್ರೊಫೆಸರ್‌ಗೆ ದಿನವೂ ಸಮಯ ಸಿಗದು. ಹೌಸ್ ಸರ್ಜನ್‌ಗಳೂ ಪಿ.ಜಿ.ಗಳೂ ವಾರ್ಡಿನಲ್ಲೇ ಇರುತ್ತಾರೆ, ಕಿರಿಯರ ಕಷ್ಟ ಅವರಿಗೆ ಇನ್ನೂ ಮರೆತಿರುವುದಿಲ್ಲ. ಪ್ರೊಫೆಸರ್, ಪಿ.ಜಿ., ಹೌಸ್ ಸರ್ಜನ್, ವಿದ್ಯಾರ್ಥಿ ಹೀಗೆ ನಾಲ್ಕು ಮೆಟ್ಟಿಲಿನ ಗುಂಪು ಮಾಡಿದರೆ ಯಾರ ಮೇಲೂ ಹೊರೆ ಬೀಳುವುದಿಲ್ಲ.

ಥಿಯೇಟರಿನ ಶಿಸ್ತು

ಕೈಚಳಕಕ್ಕಿಂತ ಮೊದಲು ಕಲಿಯಬೇಕಾದದ್ದು ಶಿಸ್ತು. ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಬಾರದು, ಕೈ ತೊಳೆದ ಮೇಲೆ ಕೈಗಳನ್ನು ಮೊಣಕೈಗಿಂತ ಎತ್ತರದಲ್ಲಿ ಏಕೆ ಹಿಡಿಯಬೇಕು ಎಂಬುದನ್ನು ಬೈಸಿಕೊಳ್ಳುವ ಮೊದಲೇ ಹೇಳಿಕೊಡುವವರಿದ್ದರೆ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು ಹೀಗೆ ಮೂರು ಬಾರಿ ಓದಿ ಖಚಿತಪಡಿಸಿಕೊಳ್ಳಬೇಕು. ರೋಗಿ ಇವರೇನಾ, ಆಪರೇಷನ್ ಇದೇನಾ, ಬದಿ ಇದೇನಾ, ಬಟ್ಟೆ ಮತ್ತು ಸೂಜಿಗಳ ಲೆಕ್ಕ ಸರಿಯಿದೆಯಾ ಎಂದು ಗಟ್ಟಿಯಾಗಿ ಕೇಳುವುದನ್ನು ಮೊದಲ ವರ್ಷದಲ್ಲೇ ಕಂಡವರಿಗೆ ಅದು ಬದುಕಿನುದ್ದಕ್ಕೂ ಅಭ್ಯಾಸವಾಗುತ್ತದೆ.

ವಿದ್ಯಾರ್ಥಿಯ ಸುರಕ್ಷತೆಯೂ ಮೆಂಟರ್ ಹೊಣೆ. ಥಿಯೇಟರಿಗೆ ಕಾಲಿಡುವ ಮೊದಲು ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸ್ ಮುಗಿದಿರಬೇಕು. ಸೂಜಿ ಚುಚ್ಚಿಕೊಂಡರೆ ಮುಚ್ಚಿಡದೆ ಕೂಡಲೆ ಹೇಳಬೇಕು. ರೋಗಿಯ ಹಕ್ಕು ಎಲ್ಲಕ್ಕಿಂತ ಮಿಗಿಲು. ವಿದ್ಯಾರ್ಥಿಗಳು ನೋಡಬಹುದೇ ಎಂದು ರೋಗಿಯ ಒಪ್ಪಿಗೆ ಕೇಳುವುದು, ಬೇಡವೆಂದರೆ ಬೇಸರವಿಲ್ಲದೆ ಹಿಂದೆ ಸರಿಯುವುದು, ಮೊಬೈಲಿನಲ್ಲಿ ಫೋಟೊ ತೆಗೆಯದಿರುವುದು ಮೊದಲ ದಿನದ ಪಾಠವಾಗಬೇಕು.

ಓದು, ಸಂಶೋಧನೆ, ಆಯ್ಕೆ

ಕರ್ನಾಟಕದ ಶಸ್ತ್ರವೈದ್ಯ ಶಿಕ್ಷಕರ ಪುಸ್ತಕಗಳು ದೇಶದೆಲ್ಲೆಡೆಯ ವಿದ್ಯಾರ್ಥಿಗಳ ಮೇಜಿನ ಮೇಲಿವೆ. ಮಂಗಳೂರಿನ ಡಾ. ಶ್ರೀರಾಮ ಭಟ್ ಅವರ ಸರ್ಜರಿ ಕೈಪಿಡಿಯೂ ಮಣಿಪಾಲದ ಡಾ. ರಾಜಗೋಪಾಲ ಶೆಣೈ ಅವರ ‘ಮಣಿಪಾಲ್ ಮ್ಯಾನ್ಯುಯಲ್ ಆಫ್ ಸರ್ಜರಿ’ಯೂ ತರಗತಿಯಲ್ಲಿ ಕಲಿಸಿದವರ ಅನುಭವದಿಂದ ಹುಟ್ಟಿದವು. ಯಾವ ಪುಸ್ತಕವನ್ನು ಯಾವಾಗ, ಎಷ್ಟು ಓದಬೇಕೆಂದು ಹೇಳುವುದೂ ಮೆಂಟರ್ ಕೆಲಸವೇ.

ಸಂಶೋಧನೆಗೆ ಕೈ ಹಾಕಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆ ನಡೆಸುತ್ತ ಬಂದಿದೆ. ಎರಡು ತಿಂಗಳ ಅಧ್ಯಯನ. ಕಾಲೇಜಿನ ಶಿಕ್ಷಕರೊಬ್ಬರು ಮಾರ್ಗದರ್ಶಕರಾಗಿರಲೇಬೇಕು. ಬಾಯಿ ಕ್ಯಾನ್ಸರ್, ಪಾದದ ಹುಣ್ಣು, ಹೆದ್ದಾರಿ ಗಾಯಗಳಂಥ ಸ್ಥಳೀಯ ವಿಷಯಗಳಿಗೆ ಕೋಲಾರದಲ್ಲಿ ಬರವಿಲ್ಲ. ಪ್ರಶ್ನೆ ಚಿಕ್ಕದಾಗಿರಲಿ, ಲೆಕ್ಕ ಪ್ರಾಮಾಣಿಕವಾಗಿರಲಿ ಎಂಬ ಎರಡು ಮಾತುಗಳನ್ನು ಮೆಂಟರ್ ಕಲಿಸಿದರೆ ಸಾಕು.

ಇನ್ನು ಆಯ್ಕೆ. ಸಾಮಾನ್ಯ ಸರ್ಜರಿ, ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು, ಪ್ರಸೂತಿ — ಒಂದೊಂದರ ಕೆಲಸದ ರೀತಿ, ರಾತ್ರಿ ಡ್ಯೂಟಿ, ತಾಳ್ಮೆಯ ಬೇಡಿಕೆ ಬೇರೆ ಬೇರೆ. ಒಳ್ಳೆಯ ಮೆಂಟರ್ ತಮ್ಮ ವಿಭಾಗಕ್ಕೇ ಎಳೆಯುವುದಿಲ್ಲ; ಎಲ್ಲ ವಿಭಾಗಗಳನ್ನೂ ತೋರಿಸುತ್ತಾರೆ. ಎರಡು ವರ್ಷ ನೋಡಿದ ಮೇಲೆ ‘ನನಗೆ ಮೆಡಿಸಿನ್ ಇಷ್ಟ’ ಎಂದು ವಿದ್ಯಾರ್ಥಿ ಹೇಳಿದರೆ ಅದೂ ಮಾರ್ಗದರ್ಶನದ ಗೆಲುವೇ.

ಅಡ್ಡಿಗಳು

ಮೊದಲ ಅಡ್ಡಿ ಹಿಂಜರಿಕೆ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಒಳಗೆ ಬಂದ ಮೇಲೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮನೆತನದಲ್ಲಿ ಮೊದಲ ಬಾರಿಗೆ ವೈದ್ಯರಾಗುತ್ತಿರುವ ಹಳ್ಳಿಯ ಮಕ್ಕಳಿಗೆ ಮನೆಯಲ್ಲಿ ಕೇಳಲು ಯಾರೂ ಇಲ್ಲ. ಥಿಯೇಟರಿಗೆ ಬರಲೇ ಎಂದು ಪ್ರೊಫೆಸರನ್ನು ಕೇಳುವ ಧೈರ್ಯ ಅವರಿಗೆ ಸುಲಭವಾಗಿ ಬಾರದು. ಡಾಕ್ಟರ ಮಕ್ಕಳಿಗೆ ಊಟದ ಮೇಜಿನಲ್ಲೇ ಸಿಗುವ ತಿಳಿವಳಿಕೆ ಇವರಿಗೆ ಕಾಲೇಜಿನಲ್ಲೇ ಸಿಗಬೇಕು. ಆದ್ದರಿಂದ ಮೆಂಟರ್ ತಾವೇ ಮುಂದಾಗಿ ಕರೆಯಬೇಕು.

ಎರಡನೆಯದು ‘ಹೆಣ್ಣುಮಕ್ಕಳಿಗೆ ಸರ್ಜರಿ ಏಕೆ?’ ಎಂಬ ಮಾತು. ಮದರಾಸಿನ ಡಾ. ಟಿ.ಎಸ್. ಕನಕ 1968ರಲ್ಲಿ ನರಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿ.ಎಚ್. ಪಡೆದು ಆ ಶಾಖೆಯಲ್ಲಿ ಏಷ್ಯಾದ ಮೊದಲ ಮಹಿಳೆಯರಲ್ಲೊಬ್ಬರಾದರು. ಅವರು ಎದುರಿಸಿದ ಅಪನಂಬಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ಹಿರಿಯ ಶಸ್ತ್ರವೈದ್ಯೆಯೊಬ್ಬರು ಮೆಂಟರ್ ಆಗಿ ಕಣ್ಣೆದುರಿಗಿದ್ದರೆ ಆ ಮಾತಿಗೆ ಬೇರೆ ಉತ್ತರ ಬೇಕಿಲ್ಲ.

ಮೂರನೆಯದು ಕಾಟಾಚಾರ. ವರ್ಷಕ್ಕೆರಡು ಸಭೆ ನಡೆಸಿ, ಲಾಗ್ ಬುಕ್ಕಿಗೆ ಸಹಿ ಹಾಕಿ, ಫೋಟೊ ತೆಗೆಸಿಕೊಂಡರೆ ಮಾರ್ಗದರ್ಶನವಾಗುವುದಿಲ್ಲ. ಎಲ್ಲರೆದುರು ಹೀಯಾಳಿಸುವುದನ್ನೇ ಕಲಿಸುವುದೆಂದು ತಿಳಿದವರೂ ಇದ್ದಾರೆ. ಹಾಗೆ ಕಲಿತವರು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಪ್ರಶ್ನೆ ಕೇಳದ ಶಸ್ತ್ರವೈದ್ಯರಿಂದ ಅಪಾಯ ರೋಗಿಗೇ. ಬೋಧಕರಿಗೆ ಓ.ಪಿ.ಡಿ., ಆಪರೇಷನ್, ಪರೀಕ್ಷೆಗಳ ನಡುವೆ ಬಿಡುವಿಲ್ಲವೆಂಬುದೂ ನಿಜ. ಮಾರ್ಗದರ್ಶನದ ಗಂಟೆಗಳನ್ನು ಕೆಲಸದ ವೇಳೆಯಲ್ಲೇ ಲೆಕ್ಕ ಹಿಡಿದು, ಬಡ್ತಿಯಲ್ಲಿ ಅದಕ್ಕೂ ಬೆಲೆ ಕೊಟ್ಟರೆ ಈ ತೊಡಕು ಸಡಿಲವಾಗುತ್ತದೆ.

ಮುಂದೆ ಆಗಬೇಕಾದದ್ದು

2020ರ ನಿಯಮದಂತೆ ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಲೇಬೇಕು. ಅವರ ಜೊತೆ ಕಿರಿಯ ವಿದ್ಯಾರ್ಥಿಗಳೂ ರಜೆಯಲ್ಲಿ ಕೆಲವು ದಿನ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಕೆಲಸ ನೋಡಿದರೆ, ಸೀಮಿತ ಸೌಕರ್ಯದಲ್ಲೂ ಒಳ್ಳೆಯ ಶಸ್ತ್ರಚಿಕಿತ್ಸೆ ಸಾಧ್ಯವೆಂದು ತಿಳಿಯುತ್ತದೆ. ನಿವೃತ್ತ ಶಸ್ತ್ರವೈದ್ಯರನ್ನು ವಾರಕ್ಕೊಂದು ದಿನ ಕರೆಸಿಕೊಳ್ಳಬಹುದು. ಜಿಲ್ಲೆಯಲ್ಲೇ ಓದಿ ಹೊರಗೆ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರು ಇಬ್ಬಿಬ್ಬರನ್ನು ವಹಿಸಿಕೊಳ್ಳಬಹುದು. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಕಲಿಸುವ ಮನಸ್ಸೂ ತಿಂಗಳಿಗೆ ಕೆಲವು ಗಂಟೆಗಳೂ ಸಾಕು.

ವಿದ್ಯಾರ್ಥಿಗಳೂ ಕಾದು ಕೂರಬೇಕಿಲ್ಲ. ಮೊದಲ ವರ್ಷದಲ್ಲೇ ಒಬ್ಬ ಶಸ್ತ್ರವೈದ್ಯರನ್ನು ಹುಡುಕಿ, ‘ಸರ್, ನಿಮ್ಮ ಯೂನಿಟ್‌ನಲ್ಲಿ ನಿಂತು ನೋಡಬಹುದೇ?’ ಎಂದು ವಿನಯದಿಂದ ಕೇಳಬೇಕು. ಹೇಳಿದ ಹೊತ್ತಿಗೆ ಹೋಗಬೇಕು, ಅಂದಿನ ಕೇಸಿನ ಅಂಗರಚನೆಯನ್ನು ಹಿಂದಿನ ರಾತ್ರಿಯೇ ಓದಿಕೊಂಡಿರಬೇಕು, ಕಂಡದ್ದನ್ನು ಬರೆದಿಟ್ಟುಕೊಳ್ಳಬೇಕು. ಹಾಗೆ ಬಂದವರನ್ನು ಹಿರಿಯರು ಹಿಂದಕ್ಕೆ ಕಳಿಸದಿರಲಿ. ಕೋಲಾರದಂಥ ಜಿಲ್ಲೆಗೆ ಮುಂದೆ ಬೇಕಾದ ಶಸ್ತ್ರವೈದ್ಯರು ಇಂದು ಮೊದಲ ವರ್ಷದ ಬೆಂಚಿನ ಮೇಲಿದ್ದಾರೆ. ಅವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಇಂದಿನ ಶಸ್ತ್ರವೈದ್ಯರ ಕರ್ತವ್ಯ.